ಅಕ್ಕನ ನಾಲ್ಕು ವರ್ಷ

ರಕ್ತ ತೆಗೆಸಿಕೊಳ್ಳುವಾಗ ಜನ ಸುಮ್ಮನೆ ಕೂರುವುದಿಲ್ಲ. ಸೂಜಿ ಕಾಣಬಾರದೆಂದು ಮುಖ ಅತ್ತ ತಿರುಗಿಸಿಕೊಂಡು ಏನಾದರೊಂದು ಮಾತು ತೆಗೆಯುತ್ತಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನನಗೆ ಊರಿನ ಅರ್ಧ ಸುದ್ದಿ ತಿಳಿಯುವುದು ಹೀಗೆಯೇ. ಕಳೆದ ವಾರ ಒಬ್ಬಾಕೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋಳು ಚಾಚಿದವಳೇ ಕೇಳಿದಳು. "ನಿಮ್ಮಕ್ಕ ಆ ಬೋರ್ಡಿಂಗ್ ಸ್ಕೂಲಲ್ಲೇ ಓದಿ ಅಲ್ಲೇ ಕೆಲಸ ಮಾಡ್ತಿದಾರಂತಲ್ಲ? ಇವಳನ್ನೂ ಅಲ್ಲಿಗೇ ಸೇರಿಸೋಣ ಅಂತಿದೀವಿ. ಅಲ್ಲಿ ಓದಿದ್ರೆ ಮುಂದೆ ಕಾಲೇಜಲ್ಲಿ ಏನೂ ಕಷ್ಟ ಆಗಲ್ಲ ಅಂತಾರೆ, ಹೌದಾ?"

"ಮುಷ್ಟಿ ಬಿಗಿ ಹಿಡೀರಿ," ಅಂದೆ.

ಆಕೆ ಮುಷ್ಟಿ ಹಿಡಿದಳು, ರಕ್ತ ಬಂತು, ಹತ್ತಿ ಒತ್ತಿ ಕಳಿಸಿದೆ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದು ಮೂತಿ ತಿರುವಿಕೊಂಡು ಹೋದಳು. ಹೋಗಲಿ. ನಾನು ಮಾತಿಗೇನೂ ಹಿಂಜರಿಯುವವಳಲ್ಲ, ನಮ್ಮ ಲ್ಯಾಬಿನಲ್ಲಿ ನನ್ನ ಅಡ್ಡಹೆಸರೇ ಬಾಯಿಬಡುಕಿ. ಆದರೆ ಆ ಪ್ರಶ್ನೆಗೆ ಹೌದು ಅಂದರೂ ಅರ್ಧ ಸುಳ್ಳು, ಇಲ್ಲ ಅಂದರೂ ಅರ್ಧ ಸುಳ್ಳು. ಪೂರ್ತಿ ನಿಜ ಹೇಳಬೇಕಾದರೆ ನಮ್ಮಕ್ಕನ ಕತೆ ಹೇಳಬೇಕು, ಅದರಲ್ಲಿ ನನ್ನ ಪಾಲೆಷ್ಟು ಅನ್ನುವುದನ್ನೂ ಹೇಳಬೇಕು. ಅದಕ್ಕೆ ಒಂದು ಸೂಜಿ ಚುಚ್ಚುವಷ್ಟು ಹೊತ್ತು ಸಾಲದು.

ನಮ್ಮಪ್ಪ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳನ್ನು ಸರಿಮಾಡುವುದು ಅವನ ಕೆಲಸ. ಯಾವಾಗ, ಎಲ್ಲಿಂದ ಫೋನ್ ಬರುತ್ತದೋ ಹೇಳುವಂತಿರಲಿಲ್ಲ. ಅಮ್ಮ ಇದೇ ಆಸ್ಪತ್ರೆಯಲ್ಲಿ ನರ್ಸ್, ಪಾಳಿಯ ಕೆಲಸ. ಹಾಗಾಗಿ ಮನೆಯ ಬೀಗದ ಕೈ ಅಕ್ಕನ ಕೊರಳಲ್ಲಿ ತೂಗುತ್ತಿತ್ತು. ನನಗಿಂತ ಒಂದೂವರೆ ವರ್ಷಕ್ಕೆ ದೊಡ್ಡವಳು, ಯಜಮಾನಿಕೆ ಮಾತ್ರ ಅಜ್ಜಿಯದು. ಶಾಲೆಯಿಂದ ಬಂದು ಯಾವ ಡಬ್ಬ ತೆಗೆಯಬೇಕು, ಯಾವ ಗೋಡೆ ಹಾರಿದರೆ ಹಿಂದಿನ ಬೀದಿ ಹತ್ತಿರ, ಯಾವ ಸುಳ್ಳು ಹೇಳಿದರೆ ಅಮ್ಮ ನಂಬುತ್ತಾಳೆ, ಎಲ್ಲ ತೀರ್ಮಾನ ಅವಳದೇ. ನಾನು ಅವಳ ಹಿಂದೆ ಓಡುವ ಪುಟ್ಟಿ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವಳು ಹುಟ್ಟಿನಿಂದಲೇ ಪುಕ್ಕಲಿ ಅಂತ ಆಮೇಲೆ ಮಾತಾಡಿದವರಿದ್ದಾರೆ. ಅವರ ಬಾಯಿಗೆ ಮಣ್ಣು ಹಾಕ.

ಆ ಬೋರ್ಡಿಂಗ್ ಶಾಲೆಗೆ ಮೂರು ಗಂಟೆಯ ಬಸ್ಸಿನ ದಾರಿ. ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಊಟ, ಬಟ್ಟೆ, ಪುಸ್ತಕ ಎಲ್ಲ ಪುಕ್ಕಟೆ. ಅಪ್ಪ ಇಬ್ಬರನ್ನೂ ಕೂರಿಸಿದ. ನಾನು ಉತ್ತರ ಪತ್ರಿಕೆಯಲ್ಲಿ ಬೆಕ್ಕಿನ ಚಿತ್ರ ಬರೆದು, ಹಸಿವಾಯಿತೆಂದು ಅರ್ಧ ಗಂಟೆ ಮೊದಲೇ ಎದ್ದು ಬಂದೆ. ಅಕ್ಕ ಪಟ್ಟಿಯಲ್ಲಿ ಮೂರನೆಯವಳು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಇನ್ನು ಇವಳಿಗೆ ಕಾಲೇಜು ಅನ್ನೋದು ನೀರು ಕುಡಿದಷ್ಟು ಸುಲಭ," ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ. ಅಮ್ಮ ಅವಳ ಒಂದೊಂದು ಬಟ್ಟೆಗೂ ಕೆಂಪು ದಾರದಲ್ಲಿ ನಲವತ್ತೇಳು ಎಂದು ಹೊಲಿದಳು. ಅದು ಶಾಲೆ ಕೊಟ್ಟ ನಂಬರು. ಕೊನೆಯ ಕಾಲುಚೀಲಕ್ಕೆ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿ ದಾರ ಸೂಜಿಗೆ ಹೋಗಲಿಲ್ಲ, ನಾನೇ ಪೋಣಿಸಿಕೊಟ್ಟೆ. ಅಕ್ಕನಿಗೆ ಆಗ ಒಂಬತ್ತು.

ಮೊದಲ ರಜೆಗೆ ಬಂದಾಗ ಬಾಗಿಲು ಹಾರುಹೊಡೆದಿದ್ದರೂ ಅವಳು ಹೊರಗೇ ನಿಂತಿದ್ದಳು. "ಒಳಗೆ ಬಾರೇ," ಎಂದು ಅಮ್ಮ ಕೂಗಿದ ಮೇಲೆ ಚಪ್ಪಲಿ ಬಿಟ್ಟು, ಅದನ್ನು ಗೋಡೆಗೆ ಜೋಡಿಸಿಟ್ಟು ಬಂದಳು. ಆಮೇಲೆ ಶುರುವಾಯಿತು. "ಅಮ್ಮ, ನೀರು ಕುಡೀಲಾ?" "ಅಮ್ಮ, ಬಚ್ಚಲಿಗೆ ಹೋಗಲಾ?" "ಅಮ್ಮ, ಪುಸ್ತಕ ಮುಚ್ಚಲಾ?" ಪಕ್ಕದ ಮನೆಯಾಕೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಎಂಥಾ ವಿನಯ! ಹಾಗಿರಬೇಕು ಮಕ್ಕಳು ಅಂದ್ರೆ. ನಿಮ್ಮ ಚಿಕ್ಕದೂ ಇದೆ, ದಂಡಕ್ಕೆ." ಆ ಚಿಕ್ಕದು ಅಲ್ಲೇ ಮೇಜಿನ ಕೆಳಗೆ ಕೂತು ಸಕ್ಕರೆ ಮುಕ್ಕುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಭಯವಾಯಿತು. ಇವಳನ್ನು ಅಲ್ಲಿ ಯಾರೋ ಬದಲಾಯಿಸಿ ಕಳಿಸಿದ್ದಾರೆ ಅನ್ನಿಸಿತು.

ನಿಜ ಹೇಳಬೇಕು, ಶಾಲೆ ಅವಳಿಗೆ ಕಲಿಸಿದ್ದೂ ಕಡಿಮೆಯೇನಲ್ಲ. ಒಂದು ಸುಕ್ಕಿಲ್ಲದ ಹಾಗೆ ಹಾಸಿಗೆ ಹಾಸುತ್ತಿದ್ದಳು. ಇಸ್ತ್ರಿ ಮಾಡುವುದರಲ್ಲಿ ಎತ್ತಿದ ಕೈ. ಬೆನ್ನು ನೆಟ್ಟಗಿಟ್ಟುಕೊಂಡು ಎರಡು ಗಂಟೆ ಕದಲದೆ ಓದುವಳು, ಬರೆದ ನೋಟ್ಸಿನಲ್ಲಿ ಒಂದು ಕಾಟು ಇರುತ್ತಿರಲಿಲ್ಲ. ಏಳು ನಿಮಿಷದಲ್ಲಿ ಊಟ ಮುಗಿಸಿ ತಟ್ಟೆ ತೊಳೆದಿಡುವಳು. ಬೆಳಗ್ಗೆ ಐದಕ್ಕೆ ಯಾರೂ ಎಬ್ಬಿಸದೆ ಕಣ್ಣು ಬಿಡುವಳು, ಆದರೆ ಯಾರಾದರೂ ಏಳು ಅನ್ನುವ ತನಕ ಕಣ್ಣು ಬಿಟ್ಟುಕೊಂಡೇ ಮಲಗಿರುವಳು.

ಅಲ್ಲಿಯ ಸಂಗತಿಗಳನ್ನು ನನಗೊಬ್ಬಳಿಗೇ ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಸೇರಿದ ಎರಡನೇ ವಾರ, ಅಪ್ಪ ಬಂದಿರಬಹುದೇನೋ ಎಂದು ತಾನಾಗಿಯೇ ಗೇಟಿನವರೆಗೆ ಹೋಗಿದ್ದಳಂತೆ. ಅದಕ್ಕೆ ಇಡೀ ವಾರ ಆಟದ ಹೊತ್ತಿನಲ್ಲಿ ಊಟದ ಹಾಲಿನ ಹೊರಗೆ ನಿಲ್ಲಿಸಿದ್ದರು. ಕರೆದಾಗ ಬರಬೇಕು, ಕರೆಯದೆ ಹೋಗಬಾರದು, ಅಷ್ಟೇ ಅಲ್ಲಿಯ ಕಾನೂನು. ಇನ್ನೊಂದು ಪದ್ಧತಿಯಿತ್ತು. ಯಾರಿಗಾದರೂ ಹುಷಾರಿಲ್ಲದಿದ್ದರೆ ಎದ್ದು ಹೋಗಿ ಹೇಳುವಂತಿಲ್ಲ, ತಮ್ಮ ಟವೆಲನ್ನು ಮಂಚದ ಕಾಲಿಗೆ ಕಟ್ಟಿ ಮಲಗಬೇಕು. ಶಾಲೆಯ ನರ್ಸ್ ಸಿಸ್ಟರ್ ಸುತ್ತು ಬರುವಾಗ ಟವೆಲ್ ನೋಡಿ, ಜ್ವರ ಅಳೆದು, ಟೀಚರಿಗೆ ತಿಳಿಸಿ, ಗಂಜಿ ತರಿಸಿ, ಎಲ್ಲ ವ್ಯವಸ್ಥೆ ಮಾಡುವರು. "ಬಾಯಿ ಬಿಡೋ ಕೆಲಸಾನೇ ಇಲ್ಲ ಪುಟ್ಟಿ, ಎಲ್ಲ ತಾನಾಗೇ ಆಗುತ್ತೆ," ಎಂದು ಅದನ್ನೊಂದು ಹೆಚ್ಚುಗಾರಿಕೆಯ ಹಾಗೆ ಹೇಳಿದ್ದಳು.

ಒಂಬತ್ತು ವರ್ಷ ಹೀಗೆ. ಶಾಲೆಗೇ ಮೊದಲಿಗಳಾಗಿ ಹೊರಬಿದ್ದಳು. ಅಮ್ಮನ ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥರು ಅಂಕಪಟ್ಟಿ ನೋಡಿ, "ರಸಾಯನಶಾಸ್ತ್ರದಲ್ಲಿ ಡಿಗ್ರಿ ಮುಗಿಸ್ಕೊಂಡು ಬರಲಿ ಸಿಸ್ಟರ್, ಇಲ್ಲೊಂದು ಜಾಗ ನಿಮ್ಮ ಮಗಳಿಗೇ," ಎಂದು ಮಾತು ಕೊಟ್ಟರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎದ್ದರೂ ಕೂತರೂ ಅದೇ ಮಾತು. ಅಕ್ಕನ ಡಿಗ್ರಿ, ಅಕ್ಕನ ಕೆಲಸ. ಅಕ್ಕನಿಗೂ ಆ ಕೆಲಸ ಬೇಕಿತ್ತು. ಬಾಯಿಬಿಟ್ಟು ಅವಳು ಬೇಕು ಅಂದದ್ದು ಅದೊಂದೇ. ಅಮ್ಮನ ಜೊತೆ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಬೇಕು, ಒಂದೇ ಬಸ್ಸಿನಲ್ಲಿ ಮನೆಗೆ ಬರಬೇಕು. ಮನೆಯಲ್ಲಿರಬೇಕು ಅನ್ನುವ ಆಸೆ ಒಂಬತ್ತನೇ ವಯಸ್ಸಿನದು, ಹಾಗೇ ಉಳಿದುಕೊಂಡಿತ್ತು.

ಕಾಲೇಜು ದೂರದ ದೊಡ್ಡ ಊರಿನಲ್ಲಿ. ಅಲ್ಲಿಗೆ ಹತ್ತು ನಿಮಿಷ ನಡೆಯುವ ದಾರಿಯಲ್ಲಿ ಮಹಡಿ ಮನೆಯ ಕೆಳಗಿನ ಒಂದು ಕೋಣೆ ಹಿಡಿದು ಕೊಟ್ಟು ಅಪ್ಪ ವಾಪಸು ಬಂದ. ಮೊದಲೆರಡು ತಿಂಗಳು ಬೋರ್ಡಿಂಗಿನ ಓಟದಲ್ಲೇ ಅವಳು ಓಡಿದಳು. ಆಮೇಲೆ ನಿಂತಳು. ಮೇಷ್ಟರು ಬರದ ದಿನ ಉಳಿದವರೆಲ್ಲ ಎದ್ದು ಹೋದರೆ ಇವಳು ಖಾಲಿ ಕ್ಲಾಸಿನಲ್ಲಿ ಕೈಕಟ್ಟಿ ಕೂತಿರುವಳು, ಅಟೆಂಡರ್ ಬೀಗ ಹಿಡಿದು ಬಂದು "ಏಳಮ್ಮಾ" ಅನ್ನುವವರೆಗೆ. ಕ್ಯಾಂಟೀನಿನವನು "ಏನು ಕೊಡ್ಲಿ?" ಅಂದರೆ, "ಎಲ್ಲರಿಗೂ ಏನು ಕೊಡ್ತಿದೀರೋ ಅದೇ," ಅನ್ನುವಳು. ಒಂದು ವಾರದೊಳಗೆ ಕಾಲೇಜಿನಲ್ಲಿ ಅವಳ ಹೆಸರು 'ಅದೇ' ಎಂದಾಯಿತು. ನೋಟಿಸ್ ಬೋರ್ಡಿನಲ್ಲಿ ಏನೇನೋ ಅಂಟಿಸುತ್ತಿದ್ದರು, ಫಾರಂ ತುಂಬಿ, ಸಹಿ ಮಾಡಿಸಿ, ಇಂಥ ದಿನದೊಳಗೆ ಕೊಡಿ ಎಂದು. ಅವಳು ಓದುತ್ತಿದ್ದಳು. ಅದು ತನಗೆ ಹೇಳಿದ್ದು ಅನ್ನಿಸುತ್ತಿರಲಿಲ್ಲ.

ಅದೇ ಶಾಲೆಯಿಂದ ಬಂದ ಇನ್ನೊಬ್ಬಳಿದ್ದಳು, ಉದ್ದಜಡೆ. ಅವಳು ಬಂದ ವಾರದಲ್ಲೇ ಜಡೆ ಕತ್ತರಿಸಿ, ಕ್ಲಾಸಿಗೆ ಚಕ್ಕರ್ ಹೊಡೆದು, ಊರೆಲ್ಲ ಸುತ್ತಿ, ಎರಡು ವಿಷಯದಲ್ಲಿ ಡುಮ್ಕಿ ಹೊಡೆದಳು. ಮತ್ತೆ ಕಟ್ಟಿ ಪಾಸು ಮಾಡಿಕೊಂಡಳು. ಈಗ ಬ್ಯಾಂಕಿನ ಮ್ಯಾನೇಜರ್. ಒಂದೇ ಬೀಗದಿಂದ ಬಿಡಿಸಿಕೊಂಡವರಲ್ಲಿ ಒಬ್ಬಳು ಓಡಿದಳು, ಒಬ್ಬಳು ಬಾಗಿಲಲ್ಲೇ ನಿಂತಳು. ಅದಕ್ಕೇ ಹೇಳಿದ್ದು, ಹೌದು ಅಂದರೂ ಇಲ್ಲ ಅಂದರೂ ಅರ್ಧ ಸುಳ್ಳು.

ಮೊದಲ ವರ್ಷದ ಪರೀಕ್ಷೆ ನಡೆಯುತ್ತಿರುವಾಗ ಅವಳಿಗೆ ಜ್ವರ ಬಂತು. ಮಂಚದ ಕಾಲಿಗೆ ಟವೆಲ್ ಕಟ್ಟಿ ಮಲಗಿದಳು.

ನಗಬೇಡಿ. ನಾನು ಮೊದಲು ಕೇಳಿದಾಗ ನಕ್ಕಿದ್ದೆ, ಆ ಪಾಪ ನನಗೇ ಸಾಕು. ಜ್ವರದ ತಲೆಯಲ್ಲಿ ಅವಳಿಗೆ ನೆನಪಿದ್ದದ್ದು ಅದೊಂದೇ. ನಾಲ್ಕು ದಿನ ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿಟ್ಟು, ಯಾರಾದರೂ ಸುತ್ತು ಬರುತ್ತಾರೆಂದು ಕಾದಳು. ಪಕ್ಕದ ಕೋಣೆಯವರು ಹೋಗಿ ಬಂದು ಮಾಡಿದರು, ಮಹಡಿಯ ಮೇಲೆ ಕುರ್ಚಿ ಎಳೆದ ಸದ್ದಾಯಿತು, ಬೀದಿಯಲ್ಲಿ ಗಾಡಿಗಳು ಓಡಿದವು. ಯಾರೂ ಬರಲಿಲ್ಲ. ಐದನೇ ದಿನ ಮನೆಯೊಡತಿ ನಲ್ಲಿ ಸೋರುತ್ತಿದೆಯೇ ನೋಡಲು ಬಂದು, ಕಿರುಚಿಕೊಂಡು, ಆಂಬುಲೆನ್ಸ್ ಕರೆಸಿದಳು. ಎರಡು ಪತ್ರಿಕೆ ತಪ್ಪಿದ್ದವು. ಕಾಯಿಲೆಯಾದವರು ಏಳು ದಿನದೊಳಗೆ ಅರ್ಜಿ ಕೊಟ್ಟರೆ ಮರುಪರೀಕ್ಷೆಯಿತ್ತು. ಅಪ್ಪ ಎಂಟನೇ ದಿನ ಆಫೀಸಿಗೆ ಹೋಗಿ ಕೇಳಿದಾಗ ಗುಮಾಸ್ತ ತಲೆ ಎತ್ತಲಿಲ್ಲ. "ಅರ್ಜಿ ಕೊಡಬಾರ್ದಿತ್ತೇನಮ್ಮ?" ಎಂದು ಅಪ್ಪ ಕೇಳಿದ. "ಯಾರೂ ಹೇಳ್ಲಿಲ್ಲಪ್ಪ," ಅಂದಳು ಅಕ್ಕ. ಅಪ್ಪ ಅವಳನ್ನೇ ನೋಡಿದ. ಮೊತ್ತಮೊದಲ ಬಾರಿಗೆ ಅವನಿಗೆ ಏನೋ ಹೊಳೆದಿರಬೇಕು.

ಮೊದಲ ವರ್ಷವನ್ನು ಮತ್ತೆ ಓದಬೇಕಾಯಿತು. ಕಾಲೇಜಿನ ನಿಯಮ ಗಟ್ಟಿ. ಮೂರು ವರ್ಷದ ಕೋರ್ಸನ್ನು ನಾಲ್ಕು ವರ್ಷದಲ್ಲಿ ಮುಗಿಸಲೇಬೇಕು, ಇಲ್ಲವಾದರೆ ಎಲ್ಲ ರದ್ದು, ಮೊದಲಿನಿಂದ ಸೇರಬೇಕು. ಇನ್ನೊಂದು ಸಲ ಎಡವುವಂತಿಲ್ಲ. ಅದೇ ವರ್ಷ ನನ್ನ ಶಾಲೆಯೂ ಮುಗಿದಿತ್ತು. ನಾನು ಓದಿದ್ದು ಮನೆಯ ಮೂಲೆಯ ಶಾಲೆಯಲ್ಲಿ, ಬಂದ ಅಂಕ ಹೇಳಿಕೊಳ್ಳುವಂಥದ್ದಲ್ಲ. ನನ್ನ ಆಸೆಯಿದ್ದದ್ದು ಚಿತ್ರಕಲೆ ಕಲಿಯಬೇಕೆಂದು. ಅಮ್ಮ ಒಂದು ದಿನ ಪಾಳಿಯಿಂದ ಬಂದು ನನ್ನ ಪಕ್ಕ ಕೂತಳು.

"ಅಕ್ಕನ ಜೊತೆ ನೀನೂ ಅಲ್ಲೇ ಸೇರ್ಕೋ ಪುಟ್ಟಿ. ಒಂದೇ ಕ್ಲಾಸು, ಒಂದೇ ರೂಮು. ಅವಳಿಗೆ ಸ್ವಲ್ಪ ಹೇಳೋರು ಕೇಳೋರು ಬೇಕು ಅಷ್ಟೇ."

"ಅವಳೇನು ಮಗೂನಾ?"

"ಮೂರು ವರ್ಷ ಕಣೇ. ಕಣ್ಮುಚ್ಚಿ ಬಿಡೋದ್ರಲ್ಲಿ ಮುಗಿಯುತ್ತೆ."

ಕಣ್ಣು ಮುಚ್ಚಿದವರು ಯಾರೋ, ಬಿಟ್ಟವರು ಯಾರೋ. ನಾನು ಸೇರಿದೆ. ಅಕ್ಕನ ಮೇಲಿನ ಪ್ರೀತಿಗೇ ಸೇರಿದ್ದು, ಅದನ್ನೂ ಹೇಳಿಬಿಡುತ್ತೇನೆ.

ಅಲ್ಲಿಂದ ಮೂರು ವರ್ಷ ಅವಳ ಬೆಳಗು ಬೈಗು ನನ್ನ ಬಾಯಲ್ಲಿತ್ತು. ಏಳು ಅಂದರೆ ಎದ್ದಳು, ತಿನ್ನು ಅಂದರೆ ತಿಂದಳು, ಹೊರಡೋಣ ಅಂದರೆ ಚಪ್ಪಲಿ ಮೆಟ್ಟಿದಳು. ಫಾರಂ ನಾನು ತುಂಬಿದೆ, ಅವಳು ಸಹಿ ಹಾಕಿದಳು. ಬದಲಿಗೆ ಅವಳು ನನ್ನ ಹಾಸಿಗೆ ಹಾಸಿದಳು, ಬಟ್ಟೆ ಇಸ್ತ್ರಿ ಮಾಡಿದಳು, ಪಾಠ ಹೇಳಿಕೊಟ್ಟಳು. ರಸಾಯನಶಾಸ್ತ್ರದಲ್ಲಿ ನನ್ನ ತಲೆಗೆ ಹತ್ತಿದ್ದೆಲ್ಲ ಅವಳು ಹತ್ತಿಸಿದ್ದು. ಪರೀಕ್ಷೆ ಬರೆದರೆ ನಾನು ಕುಂಟುತ್ತ ಪಾಸು, ಅವಳು ಮೇಲಿನ ಹತ್ತರೊಳಗೆ. ಅಪ್ಪ ಫೋನಿನಲ್ಲಿ, "ನೋಡ್ದೇನೇ, ಬೋರ್ಡಿಂಗ್ ಓದು ಅಂದ್ರೆ ಸುಮ್ನೇನಾ?" ಎಂದು ಮತ್ತೆ ಮೆರೆಯತೊಡಗಿದ. ನನಗೆ ಮೈ ಉರಿಯುತ್ತಿತ್ತು. ಅವಳನ್ನು ನಡೆಸುತ್ತಿದ್ದದ್ದು ಯಾವ ಬೋರ್ಡಿಂಗ್, ಅಂತ ಕೇಳಿಬಿಡೋಣ ಅನ್ನಿಸುತ್ತಿತ್ತು.

ನಾನೇ ಒಮ್ಮೊಮ್ಮೆ ಬೇಕೆಂದೇ ಅವಳನ್ನು ಮುಂದೆ ತಳ್ಳುತ್ತಿದ್ದೆ. "ಇವತ್ತು ತರಕಾರಿ ನೀನು ತಗೊಂಡು ಬಾ, ಏನು ಬೇಕೋ ಅದು," ಅಂದರೆ ಅಂಗಡಿಯ ಮುಂದೆ ನಿಂತು ನನಗೆ ಫೋನ್ ಮಾಡುವಳು. ನಾನು ಎತ್ತದಿದ್ದರೆ ಬರಿಗೈಲಿ ಬರುವಳು. ಒಂದೇ ಒಂದು ಸಲ, ಎರಡನೇ ವರ್ಷದ ಕೊನೆಯಲ್ಲಿ, ನಾನು ಕೇಳದೆಯೇ ಒಂದು ನೀಲಿ ಬಣ್ಣದ ಬಕೆಟ್ ಕೊಂಡು ತಂದಳು. ಹಳೆಯದು ಒಡೆದಿತ್ತು. "ಹಸಿರೂ ಇತ್ತು, ನೀಲಿ ಚೆನ್ನಾಗಿದೆ ಅನ್ನಿಸ್ತು," ಅಂದಳು. ನಾನು ಆ ಬಕೆಟ್ಟನ್ನು ಮೂರು ದಿನ ಕಂಡಕಂಡವರಿಗೆಲ್ಲ ತೋರಿಸಿದೆ. ಸರಿಹೋಗುತ್ತಾಳೆ ಅಂದುಕೊಂಡೆ.

ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ನನ್ನ ತಾಳ್ಮೆ ತಳ ಕಂಡಿತ್ತು. ಗೆಳತಿಯರು ಎಲ್ಲಿ ಹೊರಟರೂ, "ನಿನ್ನ ಬಾಲಾನೂ ಬರುತ್ತಾ?" ಎಂದು ಕೇಳುವರು. ಬಾಲ ಬರುತ್ತಿತ್ತು, ಒಂದು ಮೂಲೆಯಲ್ಲಿ ಕೂರುತ್ತಿತ್ತು, ಎಲ್ಲರೂ ನಕ್ಕ ಮೇಲೆ ನಗುತ್ತಿತ್ತು. ಬರೆಯುವ ಪರೀಕ್ಷೆಗಳೆಲ್ಲ ಮುಗಿದ ದಿನ, ಇವತ್ತೊಂದು ದಿನ ನಾನೊಬ್ಬಳೇ ಹೋಗುತ್ತೇನೆ ಎಂದು ಅವಳನ್ನು ಕೋಣೆಯಲ್ಲಿ ಬಿಟ್ಟು ಗೆಳತಿಯರ ಜೊತೆ ಸುತ್ತಲು ಹೋದೆ. ಉಳಿದಿದ್ದದ್ದು ಒಂದೇ, ಲ್ಯಾಬಿನ ಪ್ರಾಯೋಗಿಕ ಪರೀಕ್ಷೆ, ಮೂರನೇ ದಿನಕ್ಕೆ. ಸಂಜೆ ಬಂದು ನೋಡಿದರೆ ಬೆಳಗ್ಗೆ ನಾನು ಮಾಡಿಟ್ಟ ಅಡುಗೆ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಅಕ್ಕ ಅದರ ಮುಂದೆ ಕೂತಿದ್ದಾಳೆ, ಮುಖ ಬಾಡಿದೆ.

"ಯಾಕೆ ತಿನ್ಲಿಲ್ಲ?"

"ನೀನು ಬರ್ತೀಯ ಅಂತ."

ನನ್ನ ನೆತ್ತಿಗೇರಿದ ಸಿಟ್ಟು ಇಳಿಯಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನಿಂದ ನನ್ನ ಚಿತ್ರಕಲೆ ಹೋಯಿತು ಅಂದೆ. ನಾನು ಸತ್ತರೆ ಉಸಿರಾಡುವುದಕ್ಕೂ ಯಾರನ್ನಾದರೂ ಕೇಳುತ್ತೀಯಾ ಅಂದೆ. ಅವಳು ತಲೆ ತಗ್ಗಿಸಿಕೊಂಡು, ಹೆಡ್‌ಮಿಸ್ಟ್ರೆಸ್ ಎದುರು ನಿಂತವಳ ಹಾಗೆ, ಕೈ ಹಿಂದಕ್ಕೆ ಕಟ್ಟಿಕೊಂಡು ಕೇಳಿಸಿಕೊಂಡಳು. ಅದು ಇನ್ನೂ ರೇಗಿಸಿತು.

"ನೋಡು, ಪ್ರಾಕ್ಟಿಕಲ್ ದಿನ ನಾನು ಕರೆಯಲ್ಲ. ಬರೋದಾದ್ರೆ ನೀನೇ ಎದ್ದು ಬಾ. ಇಲ್ದಿದ್ರೆ ಇಲ್ಲೇ ಬಿದ್ದಿರು. ಕೇಳಿಸ್ತಾ?"

"ಹೂಂ," ಅಂದಳು.

ಮಾರನೆಯ ದಿನವಿಡೀ ನಾವು ಮಾತಾಡಲಿಲ್ಲ. ಪರೀಕ್ಷೆಯ ದಿನ ಬೆಳಗ್ಗೆ ನಾನು ಏಳುವಾಗಲೇ ಅವಳು ಎದ್ದಿದ್ದಳು, ತಾನಾಗಿಯೇ. ಸ್ನಾನ ಮಾಡಿ, ತಲೆ ಬಾಚಿ, ತನ್ನ ಬಿಳಿ ಕೋಟಿನ ಜೊತೆ ನನ್ನದನ್ನೂ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು. ನಾನು ಸುಮ್ಮನೆ ತೆಗೆದು ತೊಟ್ಟುಕೊಂಡೆ. ಎಂಟೂಕಾಲಿಗೆ ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದು ತಿರುಗಿ ನೋಡಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕಾಲಲ್ಲಿ ಚಪ್ಪಲಿ, ತೊಡೆಯ ಮೇಲೆ ಕೋಟು, ಕೋಟಿನ ಮೇಲೆ ಪೆನ್ನು, ಹಾಲ್ ಟಿಕೆಟ್. ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಒಂದು ಮಾತು, ಬಾ, ಅಂದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕಲಿಯಲಿ, ಇವತ್ತಾದರೂ ಕಲಿಯಲಿ, ಅಂದುಕೊಂಡು ಹೊರಟುಬಿಟ್ಟೆ.

ಲ್ಯಾಬಿನಲ್ಲಿ ನನ್ನ ಮೇಜು ಬಾಗಿಲಿಗೆ ಎದುರು. ಒಂಬತ್ತಕ್ಕೆ ಅಟೆಂಡರ್ ನಂಬರು ಕೂಗಿದ. ಅಕ್ಕನ ನಂಬರಿಗೆ ಯಾರೂ ಓಗೊಡಲಿಲ್ಲ. ಒಂಬತ್ತೂವರೆಗೆ ಬಾಗಿಲು ಹಾಕುತ್ತಾರೆ. ಬರುತ್ತಾಳೆ, ಬೇಕೆಂದೇ ನನ್ನ ಹಿಂದೆ ಬರಬಾರದೆಂದು ತಡಮಾಡಿ ಬರುತ್ತಿದ್ದಾಳೆ ಅಂದುಕೊಂಡೆ. ಒಂಬತ್ತೂ ಹತ್ತು. ಕೈ ಎತ್ತಿ ಹೇಳಿ ಹೊರಗೆ ಓಡಿದ್ದರೆ ಹೋಗಿ ಕರೆದುಕೊಂಡು ಬರುವಷ್ಟು ಹೊತ್ತಿತ್ತು. ಇದನ್ನು ನಾನು ಮರೆತವಳಲ್ಲ. ನಳಿಕೆಗೆ ದ್ರಾವಣ ತುಂಬುತ್ತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಓಡಿದರೆ ಹೋಗಲು ಐದು ನಿಮಿಷ, ಬರಲು ಐದು. ಒಂಬತ್ತೂ ಇಪ್ಪತ್ತಾಯಿತು. ಹಟ ಅನ್ನುವುದು ಎಂಥ ಕೆಟ್ಟದ್ದೆಂದರೆ, ಅಳು ಬರುತ್ತಿದ್ದರೂ ಕಾಲು ಕದಲಲಿಲ್ಲ. ಅಟೆಂಡರ್ ಬಾಗಿಲು ಹಾಕಿದ. ನನಗೆ ಬಂದ ಪ್ರಯೋಗ ಅಕ್ಕ ಹಿಂದಿನ ವಾರವಷ್ಟೇ ಹೇಳಿಕೊಟ್ಟದ್ದು. ಚೆನ್ನಾಗಿ ಮಾಡಿದೆ.

ಮಧ್ಯಾಹ್ನ ಒಂದಕ್ಕೆ ಕೋಣೆಗೆ ಬಂದೆ. ಅದೇ ಕುರ್ಚಿ, ಅದೇ ಚಪ್ಪಲಿ, ತೊಡೆಯ ಮೇಲೆ ಅದೇ ಕೋಟು. ಕಿಟಕಿಯ ಬಿಸಿಲು ಅವಳ ಮುಖಕ್ಕೆ ಹೊಡೆಯುತ್ತಿತ್ತು, ಕುರ್ಚಿ ಸರಿಸಿಕೊಂಡಿರಲಿಲ್ಲ.

"ಯಾಕೆ ಬರ್ಲಿಲ್ಲ?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಕರೀತೀಯ ಅಂತ ಕೂತಿದ್ದೆ."

"ಕರೆಯಲ್ಲ ಅಂತ ಹೇಳಿದ್ನಲ್ಲೇ ಅಕ್ಕ!"

"ಕೋಪದಲ್ಲಿ ಅಂದಿದ್ದು ಅಂದ್ಕೊಂಡೆ," ಅಂದಳು. "ಪರೀಕ್ಷೆ ದಿನ ನೀನು ನನ್ನ ಬಿಟ್ಟು ಹೋಗಲ್ಲ ಅಂದ್ಕೊಂಡೆ."

ಆಗಲೂ ಅವಳ ಮುಖದಲ್ಲಿ ದೂರು ಇರಲಿಲ್ಲ. ನಾನು ಅವಳ ಕಾಲ ಬಳಿ ಕೂತು ಅತ್ತೆ. ಅವಳು ನನ್ನ ತಲೆ ಸವರಿದಳು.

ಆಮೇಲೆ ನಡೆದದ್ದೆಲ್ಲ ಹೇಗೆ ನಡೆಯಬೇಕಿತ್ತೋ ಹಾಗೇ ನಡೆಯಿತು. ಪ್ರಿನ್ಸಿಪಾಲರು, "ಜ್ವರ ಇತ್ತಾ? ಅಪಘಾತ ಆಯ್ತಾ? ಕೋಣೇಲಿ ಕೂತಿದ್ದೆ ಅಂದ್ರೆ ಏನಂತ ಬರ್ಕೊಳ್ಲಮ್ಮ ನಾನು?" ಅಂದರು. ಅವರು ಕೆಟ್ಟವರೇನಲ್ಲ, ನಿಜಕ್ಕೂ ಏನು ಬರೆದುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. ಸುಳ್ಳು ಸರ್ಟಿಫಿಕೇಟ್ ತರುವುದು ಅಮ್ಮನಿಗೆ ಕಷ್ಟವಿರಲಿಲ್ಲ, ಆದರೆ ಅಕ್ಕ ಅಷ್ಟರಲ್ಲಿ ನಿಜ ಹೇಳಿಯಾಗಿತ್ತು. ನಾಲ್ಕು ವರ್ಷ ರದ್ದಾಯಿತು. ಮತ್ತೆ ಮೊದಲ ವರ್ಷಕ್ಕೆ ಸೇರೋಣವೇ ಎಂದು ಅಪ್ಪ ಕೇಳಿದ. "ನೀನು ಹೇಳಿದ ಹಾಗೆ ಅಪ್ಪ," ಅಂದಳು. ಅಪ್ಪನಿಗೆ ಹೇಳುವ ಧೈರ್ಯ ಉಳಿದಿರಲಿಲ್ಲ.

ಮೂರು ತಿಂಗಳು ಮನೆಯಲ್ಲಿದ್ದಳು. ಅಷ್ಟು ಆಸೆಪಟ್ಟ ಮನೆ. ಅಮ್ಮ ಕೆಲಸಕ್ಕೆ ಹೊರಟ ಮೇಲೆ ಏನು ಮಾಡಬೇಕೆಂದು ಗೊತ್ತಾಗದೆ ಮಂಚದ ಅಂಚಿನಲ್ಲಿ ಕೂರುವಳು. ಕೊನೆಗೆ ಅಪ್ಪ ಬೋರ್ಡಿಂಗ್ ಶಾಲೆಗೇ ಹೋಗಿ ಹೆಡ್‌ಮಿಸ್ಟ್ರೆಸ್ ಮುಂದೆ ಕೈ ಜೋಡಿಸಿದ. ಅವರು ಖುಷಿಯಾಗಿಯೇ ಒಪ್ಪಿದರು. "ನಮ್ಮ ಹುಡುಗಿ ನಮಗೆ ಭಾರಾನಾ? ಅವಳಷ್ಟು ಶಿಸ್ತಿನೋರು ಎಲ್ಲಿ ಸಿಗ್ತಾರೆ?" ಎಂದು ಮಕ್ಕಳು ಓದುವ ಹೊತ್ತಿನಲ್ಲಿ ಮೇಲ್ವಿಚಾರಣೆ ನೋಡುವ ಕೆಲಸ ಕೊಟ್ಟರು. ಅವಳನ್ನು ಬಿಟ್ಟು ಬರಲು ಹೋದ ಅಪ್ಪ ಮರಳಿ ಬಂದು, "ಗೇಟಿನೊಳಗೆ ಕಾಲಿಟ್ಟಳು ನೋಡು, ಮುಖ ಅರಳ್ತು," ಅಂದ. ಸಮಾಧಾನಕ್ಕೆ ಹೇಳಿದ್ದಲ್ಲ, ಅತ್ತುಬಿಟ್ಟ.

ನನ್ನ ಡಿಗ್ರಿ ಬಂತು. ಲ್ಯಾಬಿನ ಮುಖ್ಯಸ್ಥರು ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡರು. ಆ ಒಂದು ಜಾಗ ಸಿಸ್ಟರ್ ಮಗಳಿಗೆ ಅಂದಿದ್ದರಲ್ಲ, ಯಾವ ಮಗಳು ಎಂದು ಅವರು ತಲೆಕೆಡಿಸಿಕೊಳ್ಳಲಿಲ್ಲ. ಅಮ್ಮ ನಿವೃತ್ತಳಾಗುವವರೆಗೆ ಒಂದೇ ಬಸ್ಸಿನಲ್ಲಿ ನಾವಿಬ್ಬರೂ ಹೋಗಿ ಬಂದೆವು.

ಈಗ ತಿಂಗಳಿಗೊಂದು ಭಾನುವಾರ ನಾನು ಅವಳನ್ನು ನೋಡಲು ಹೋಗುತ್ತೇನೆ. ಕೂದಲು ನೆರೆಯುತ್ತಿದೆ. ಮಕ್ಕಳಿಗೆ ಅವಳು ಅಚ್ಚುಮೆಚ್ಚು, ಗದರುವುದಿಲ್ಲ. ಹೊಸದಾಗಿ ಸೇರಿಸಲು ಬರುವ ತಂದೆತಾಯಿಯರಿಗೆ ಹೆಡ್‌ಮಿಸ್ಟ್ರೆಸ್ ಅವಳನ್ನೇ ತೋರಿಸಿ, "ಇವರೂ ನಮ್ಮಲ್ಲೇ ಓದಿದವರು, ಶಾಲೆಗೇ ಫಸ್ಟು," ಅನ್ನುತ್ತಾರಂತೆ. ಆಮೇಲೇನಾಯಿತೆಂದು ಯಾರೂ ಕೇಳುವುದಿಲ್ಲವಂತೆ.

ಮೊನ್ನೆಯ ಭಾನುವಾರ, ಆ ತೋಳು ಚಾಚಿದ ಹೆಂಗಸಿನ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದುದಕ್ಕೋ ಏನೋ, ಭೇಟಿಯ ಜಗಲಿಯ ಬೆಂಚಿನ ಮೇಲೆ ಕೂತಿದ್ದಾಗ ಇಷ್ಟು ವರ್ಷ ಹೇಳದ್ದನ್ನು ಹೇಳಿಬಿಟ್ಟೆ.

"ಅಕ್ಕ, ಅವತ್ತು ನಾನು ಬಾಗಿಲಲ್ಲಿ ನಿಂತು ನಿನ್ನ ನೋಡಿದ್ದೆ. ನೀನು ರೆಡಿಯಾಗಿ ಕೂತಿರೋದು ಕಾಣ್ತಿತ್ತು. ಬೇಕಂತಲೇ ಬಿಟ್ಟು ಹೋದೆ."

"ಗೊತ್ತು," ಅಂದಳು. ನಾನು ತಂದ ಚೀಲದಿಂದ ಹಣ್ಣು ತೆಗೆದು ಒಂದೊಂದಾಗಿ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದಳು. "ನೆಲದ ಮೇಲೆ ನಿನ್ನ ನೆರಳು ಬಿದ್ದಿತ್ತಲ್ಲ. ಅದನ್ನೇ ನೋಡ್ತಿದ್ದೆ. ಕರೀದಿದ್ರೆ ಬೇಡ, ನಾನೇ ಎದ್ದುಬಿಡೋಣ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಪೆನ್ನು ಕೈಗೆ ತಗೊಂಡಿದ್ದೆ. ಅಷ್ಟರಲ್ಲಿ ನೆರಳು ಹೋಯ್ತು."

ಸಾಲಿನಿಂದ ಉರುಳಿದ ಒಂದು ಹಣ್ಣನ್ನು ಹಿಡಿದು ಮತ್ತೆ ಅದರ ಜಾಗದಲ್ಲಿಟ್ಟೆ.

"ಇನ್ನೊಂದು ನಿಮಿಷ ನಿಂತಿದ್ರೆ ನಾನೇ ಬರ್ತಿದ್ದೆ ಪುಟ್ಟಿ," ಅಂದಳು. ಬೈಗುಳವಲ್ಲ, ಅಳುವಲ್ಲ, ಹೀಗೆ ಸುಮ್ಮನೆ, ಆಗಿಹೋದದ್ದನ್ನು ಹೇಳುವ ಹಾಗೆ.

ಸುಳ್ಳು ಹೇಳಿದಳು ಅಂತ ನನಗನ್ನಿಸಲಿಲ್ಲ. ಅದು ಸುಳ್ಳಾಗಿರಲಿ ಎಂದು ಆ ಭಾನುವಾರದಿಂದ ದಿನವೂ ಬೇಡಿಕೊಳ್ಳುತ್ತಿದ್ದೇನೆ.